ಲೀಡ್ ಆ್ಯಪ್‌ಗೆ 28,320 ರೂಪಾಯಿ ಕೊಟ್ಟೆ, ಗಿರಾಕಿ ಸಿಕ್ಕಿದ್ದು ಗೇಟಿನ ಹತ್ತಿರ

ಐದಕ್ಕೆ ಎರಡು ಸ್ಟಾರ್. ಅದರಲ್ಲೂ ಒಂದು ಸ್ಟಾರ್, ತಿಂಗಳಾ ತಿಂಗಳಾ ಜಿಎಸ್‌ಟಿ ಬಿಲ್ ತಪ್ಪದೆ ಕಳಿಸಿದ್ದಕ್ಕೆ. ಒಂಬತ್ತು ವರ್ಷ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆದವಳು ನಾನು. ಬಿಲ್ ಸರಿಯಾಗಿ ಕೊಡುವವರ ಮೇಲೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ.

ಆ್ಯಪಿನ ಹೆಸರು ಹಾಕುವುದಿಲ್ಲ. ಇಂಥವು ಬೇಕಾದಷ್ಟಿವೆ, ಎಲ್ಲದರ ಕೆಲಸವೂ ಹೆಚ್ಚುಕಡಿಮೆ ಒಂದೇ. ಯಾರಿಗೋ ಪ್ಲಂಬರ್ ಬೇಕು, ಯಾರಿಗೋ ಪೇಂಟರ್ ಬೇಕು, ಆ್ಯಪಿನಲ್ಲಿ ಹುಡುಕುತ್ತಾರೆ. ಅವರ ನಂಬರನ್ನು ಆ್ಯಪಿನವರು ನಮ್ಮಂಥವರಿಗೆ ಮಾರುತ್ತಾರೆ. ಅದಕ್ಕೆ ಲೀಡ್ ಅಂತ ಹೆಸರು.

ನಮ್ಮದು ಲಾನ್ ಮೇಂಟೆನೆನ್ಸ್ ಕೆಲಸ. ಮನೆ ನವನಗರದಲ್ಲಿ, ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ. ನಮ್ಮ ಮನೆಯವರು ಮೊದಲು ಒಂದು ಲೇಔಟಿನಲ್ಲಿ ಮಾಲಿಗಳ ಸೂಪರ್‌ವೈಸರ್ ಆಗಿದ್ದರು. ಆಮೇಲೆ ಸ್ವಂತ ಶುರು ಮಾಡಿದರು. ಈಗ ಐದು ಜನ ಹುಡುಗರು, ಎರಡು ಬ್ರಷ್ ಕಟರ್, ತಳ್ಳುವ ಮೋವರ್ ಒಂದು, ಸೆಕೆಂಡ್ ಹ್ಯಾಂಡ್ ಟಾಟಾ ಏಸ್ ಒಂದು. ಮಷಿನ್ ಅವರದು. ಫೋನು, ಬಿಲ್ಲು, ಬೈಗುಳ ನನ್ನದು.

ಮನೆ ಗಿರಾಕಿಗಳು ನಮಗೆ ಸಾಕಷ್ಟಿದ್ದರು. ಆದರೆ ಮನೆ ಗಿರಾಕಿ ಫೋನ್ ಮಾಡುವುದು ಹುಲ್ಲು ಮೊಣಕಾಲಿಗೆ ಬಂದಾಗ, ಇಲ್ಲವೇ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವಾಗ. ಆರುನೂರು ಚದರಡಿ ಇರುತ್ತದೆ. "ಹುಲ್ಲ ಕಡ್ಯಾಕ ಇಷ್ಟ ರೊಕ್ಕೇನ್ರಿ?" ಅನ್ನುತ್ತಾರೆ. ಕೆಲಸ ಮುಗಿದರೆ ಮುಂದಿನ ಮಳೆಗಾಲದವರೆಗೆ ನಾವು ಯಾರೋ ಅವರು ಯಾರೋ. ಐದು ಜನರಿಗೆ ಪಗಾರ ಕೊಡಬೇಕು ಅಂದರೆ ತಿಂಗಳ ಲೆಕ್ಕದ ಕೆಲಸ ಬೇಕು. ಫ್ಯಾಕ್ಟರಿ, ಆಸ್ಪತ್ರೆ, ಕಾಲೇಜು, ಪೆಟ್ರೋಲ್ ಬಂಕ್, ಅಪಾರ್ಟ್‌ಮೆಂಟ್. ಅದಕ್ಕೇ ಆ್ಯಪ್ ಸೇರಿದ್ದು.

ಸೇರಿಸಲು ಬಂದ ಹುಡುಗ ಬಹಳ ಚೆಂದ ಮಾತಾಡಿದ. ಉಣಕಲ್ ಕೆರೆ ಎದುರು ಚಹಾ ಕುಡಿಯುತ್ತಾ ಲ್ಯಾಪ್‌ಟಾಪ್ ತೆರೆದು ತೋರಿಸಿದ. ತಿಂಗಳಿಗೆ ಹದಿನೈದು ಕಮರ್ಷಿಯಲ್ ಲೀಡ್ ಗ್ಯಾರಂಟಿ ಅಂದ. ಬರೆದು ಕೊಡು ಅಂದೆ. "ಮೇಡಂ, ಸಿಸ್ಟಮ್‌ನಲ್ಲೇ ಇರುತ್ತೆ" ಅಂದ. ಸಿಸ್ಟಮ್‌ನಲ್ಲಿ ಇರಲಿಲ್ಲ. ತಿಂಗಳಿಗೆ ಎರಡು ಸಾವಿರ, ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 2,360. ಯುಪಿಐ ಆಟೊಪೇ ಹಾಕಿಸಿದ. ಹನ್ನೆರಡು ತಿಂಗಳಿಗೆ 28,320. ಆ ದುಡ್ಡಿನಲ್ಲಿ ಇನ್ನೊಂದು ಒಳ್ಳೆಯ ಬ್ರಷ್ ಕಟರ್ ಬರುತ್ತಿತ್ತು ಅಂತ ನಮ್ಮ ಮನೆಯವರು ವರ್ಷವಿಡೀ ನೆನಪಿಸಿದರು.

ಮೊದಲ ಲೀಡ್ ಬಂದ ರಾತ್ರಿ ಮರೆಯುವ ಹಾಗಿಲ್ಲ. ಒಂಬತ್ತೂ ನಲವತ್ತು. ತವೆಯ ಮೇಲೆ ರೊಟ್ಟಿ ಇದೆ. ಫೋನ್ ಟಿಂಗ್ ಅಂತು. "ಕಮರ್ಷಿಯಲ್ ಲಾನ್, 10,000 ಚದರಡಿ, ಹುಬ್ಬಳ್ಳಿ, ಅರ್ಜೆಂಟ್." ರೊಟ್ಟಿ ಮಗಳ ಕೈಗೆ ಬಿಟ್ಟು, ಹಿಟ್ಟಿನ ಕೈಯಲ್ಲೇ ಫೋನ್ ಹಚ್ಚಿದೆ. ಆ್ಯಪಿನವರು ಹೇಳಿದ್ದರಲ್ಲ, ಒಂದು ನಿಮಿಷದೊಳಗೆ ಕಾಲ್ ಮಾಡಿ ಅಂತ.

"ಮೇಡಂ, ನೀವು ನಾಕನೇದವ್ರು. ಬಟನ್ ಒತ್ತಿ ಫೋನ್ ಕೆಳಗ ಇಟ್ಟಿಲ್ಲ ಇನ್ನಾ."

"ಸರ್, ಜಾಗ ಎಲ್ಲೈತ್ರಿ? ಹತ್ತು ಸಾವಿರ ಸ್ಕ್ವೇರ್ ಫೂಟ್ ಅಂತ ಬಂದೈತಿ."

"ಹತ್ತು ಸಾವಿರ? ಹತ್ತ ಬೈ ಹತ್ತರೀ. ಅದರಾಗ ಕೆಳಗಿನ ಆಪ್ಶನ್ ಅದ ಇತ್ತು, ಒತ್ತಿದೆ. ನಮಗ ಬೇಕಾಗಿದ್ದು ಪ್ಲಾಸ್ಟಿಕ್ ಹುಲ್ಲು. ಜಿಮ್ಮಿನ ಟೆರೇಸ್ ಮ್ಯಾಲೆ ಹಾಸಾಕ."

ಅಷ್ಟರಲ್ಲಿ ರೊಟ್ಟಿ ಸೀದಿತ್ತು.

ನಾನು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಹಳೆಯ ಚಾಳಿ. ವರ್ಷಕ್ಕೆ ಬಂದ ಲೀಡು 63. ಅದರಲ್ಲಿ 19 ಜನಕ್ಕೆ ಬೇಕಾಗಿದ್ದು ಪ್ಲಾಸ್ಟಿಕ್ ಹುಲ್ಲು. 11 ಮನೆಯವರು, ಒಂದೇ ಸಲ ಕಡಿದು ಹೋಗಿ ಅನ್ನುವವರು. 9 ಜನ ಕೆಲಸ ಕೇಳುವವರು ಇಲ್ಲವೇ ನಮಗೇ ಗೊಬ್ಬರ ಮಾರಲು ಬಂದವರು. 8 ಫೋನ್ ಎತ್ತಲೇ ಇಲ್ಲ. 7 ಜನರ ಜಾಗ ಹುಬ್ಬಳ್ಳಿ-ಧಾರವಾಡದಲ್ಲೇ ಇರಲಿಲ್ಲ. ಒಬ್ಬರಂತೂ ಬೆಂಗಳೂರಿನ ಹೆಬ್ಬಾಳದವರು, ಇಂಗ್ಲಿಷಿನಲ್ಲಿ ಎರಡೂ 'ಎಚ್' ಇಂದಲೇ ಶುರು ನೋಡಿ. ಇನ್ನು ನಾಲ್ವರು ಕೊಟೇಶನ್ ಮಾತ್ರ ಬೇಡಿದರು. ಅವರ ಕಡೆ ಮೊದಲೇ ಒಬ್ಬ ಗೊತ್ತಾದವನು ಇರುತ್ತಾನೆ, ಫೈಲಿಗೆ ಮೂರು ಕೊಟೇಶನ್ ಬೇಕಿರುತ್ತದೆ, ಅಷ್ಟೆ. ಉಳಿದ ಐದು ನಿಜವಾದವು. ಐದರಲ್ಲಿ ಎರಡು ಕೆಲಸ ಆದವು.

ಒಂದು ಚಿಕ್ಕ ಕ್ಲಿನಿಕ್. ತಿಂಗಳಿಗೆ 3,500. ಇವತ್ತಿಗೂ ನಡೆದಿದೆ, ಒಳ್ಳೆಯ ಜನ.

ಇನ್ನೊಂದು ಕಲ್ಯಾಣ ಮಂಟಪ. ಕಲ್ಯಾಣ ಮಂಟಪದ ಲಾನ್ ಒಪ್ಪಿಕೊಳ್ಳುವವರಿಗೆ ಒಂದು ಮಾತು: ಹುಲ್ಲು ನೋಡಬೇಡಿ, ಮುಹೂರ್ತದ ಕ್ಯಾಲೆಂಡರ್ ನೋಡಿ. ಎರಡು ಮದುವೆ ನಡುವೆ ನಮಗೆ ಸಿಗುತ್ತಿದ್ದದ್ದು ಮೂರು ದಿನ. ಶಾಮಿಯಾನದ ಗೂಟದ ತೂತು, ಕುರ್ಚಿ ಕಾಲಿನ ಗುರುತು, ಮೇಲೆ ಅಡುಗೆಯವರು ಬಿಸಿ ಗಂಜಿ ಚೆಲ್ಲಿದ ಕಡೆ ತಟ್ಟೆಯಷ್ಟಗಲ ಹಳದಿ ಮಚ್ಚೆ. ನಾಲ್ಕು ತಿಂಗಳು ಮಾಡಿದೆವು, ತಿಂಗಳಿಗೆ 9,000. ಮೂರು ತಿಂಗಳದ್ದು ಬಂತು. ನಾಲ್ಕನೆಯದು ಕೇಳಿದರೆ "ಲಾನ್ ಎಲ್ಲಿ ಐತ್ರಿ ಮೇಡಂ, ಬರೇ ಮಣ್ಣ ಐತಿ" ಅಂದರು. ಮಣ್ಣು ಮಾಡಿದವರು ಯಾರು? ಅದನ್ನು ಕೇಳಲಿಲ್ಲ. ಆ ದುಡ್ಡು ಇನ್ನೂ ಬರಬೇಕು.

ಆ್ಯಪಿನವರು ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಮನೆಗಳಲ್ಲಿ ಬಿಡಿ ಕೆಲಸ ಮಾಡುವ ಪ್ಲಂಬರ್, ಎಸಿ ರಿಪೇರಿಯವರಿಗೆ ಇದು ಸರಿ ಹೋಗಬಹುದು. ನಲ್ಲಿ ಒಡೆದವನು ಆ ಕ್ಷಣವೇ ಹುಡುಕುತ್ತಾನೆ. ಫ್ಯಾಕ್ಟರಿಯ ಲಾನ್ ಹಾಗಲ್ಲ. ಅಲ್ಲಿ ಯಾರೋ ಒಬ್ಬ ಕಾಂಟ್ರಾಕ್ಟರ್ ಆಗಲೇ ಇರುತ್ತಾನೆ. ಅವನ ಕೆಲಸ ಪೂರಾ ಕೆಟ್ಟಿರುವುದಿಲ್ಲ, ಪೂರಾ ಚೆನ್ನಾಗಿಯೂ ಇರುವುದಿಲ್ಲ. ಸಾಹೇಬರಿಗೆ ಅರ್ಧ ಬೇಸರ. ಅರ್ಧ ಬೇಸರ ಇರುವವರು ಆ್ಯಪ್ ತೆರೆದು ಹುಡುಕಲು ಕೂರುವುದಿಲ್ಲ. ಇದ್ದವನಿಗೇ ಇನ್ನೊಂದು ಸಲ ಫೋನ್ ಮಾಡುತ್ತಾರೆ. ಅವರಿಗೆ ಅರ್ಧ ಬೇಸರ ಆಗಿದೆ ಅಂತ ಯಾವ ಸಾಫ್ಟ್‌ವೇರ್‌ಗೂ ಗೊತ್ತಾಗುವುದಿಲ್ಲ. ಕಂಪೌಂಡ್ ಆಚೆ ನಿಂತು ಹುಲ್ಲು ನೋಡಿದರೆ ಗೊತ್ತಾಗುತ್ತದೆ.

ಇದು ನನಗೆ ಹೊಳೆದದ್ದು ಆರನೇ ತಿಂಗಳಿಗೆ, ಅದೂ ಹೊಟ್ಟೆಯುರಿಯಿಂದ. ಅವತ್ತು ಸ್ಕೂಟಿಯಲ್ಲಿ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿದ್ದೆ, ಒಂದು ಸುಳ್ಳು ಲೀಡಿನ ಬೆನ್ನು ಹತ್ತಿ. ಅಡ್ರೆಸ್ಸೇ ಇರಲಿಲ್ಲ. ಪೆಟ್ರೋಲ್ ಸುಟ್ಟಾಗಿದೆ, ಸುಮ್ನೆ ವಾಪಸ್ ಯಾಕೆ ಹೋಗಬೇಕು ಅಂತ ಕಾರ್ಡ್ ಹಿಡಿದು ಗೇಟಿಂದ ಗೇಟಿಗೆ ಹೋದೆ.

ಮೊದಲ ಹತ್ತು ಗೇಟಿನಲ್ಲಿ ಒಂದೇ ನಾಟಕ. "ಯಾರ್ನ ಕಾಣಬೇಕ್ರಿ ಅಕ್ಕಾರ?" ಮ್ಯಾನೇಜರ್‌ನ್ನ. "ಅಪಾಯಿಂಟ್‌ಮೆಂಟ್ ಐತೇನ್ರಿ?" ಇಲ್ಲ. "ಕಾರ್ಡ್ ಕೊಟ್ ಹೋಗ್ರಿ, ಮುಟ್ಟಸ್ತೀನಿ." ಒಂದು ಕಡೆ ವಾಚ್‌ಮನ್ ಡ್ರಾವರ್ ಎಳೆದಾಗ ಕಣ್ಣಿಗೆ ಬಿತ್ತು. ಬಿಸ್ಕಿಟ್ ಡಬ್ಬಿ ತುಂಬಾ ಕಾರ್ಡು. ಫೈರ್ ಸಿಲಿಂಡರ್ ತುಂಬುವವರು, ಇಲಿ ಹಿಡಿಯುವವರು, ಸಿಸಿ ಕ್ಯಾಮೆರಾದವರು. ನನ್ನದೂ ಅದರ ಮೇಲೆ ಬಿತ್ತು.

ಹನ್ನೊಂದನೇ ಗೇಟಿನಲ್ಲಿ ವಯಸ್ಸಾದವರೊಬ್ಬರು ಇದ್ದರು. ಬಿಸಿಲಿಗೆ ಬಾಯಿ ಒಣಗಿತ್ತು, ನೀರು ಕೇಳಿದೆ. ಕೊಟ್ಟರು. ಕುಡಿಯುತ್ತಾ ಒಳಗೆ ನೋಡಿದೆ. ಹುಲ್ಲು ಅಲ್ಲಲ್ಲಿ ಮಂಡಿವರೆಗೆ, ಅಂಚಿನಲ್ಲಿ ಕಾಂಗ್ರೆಸ್ ಕಸ ಹೂ ಬಿಟ್ಟಿತ್ತು.

"ಈ ಹುಲ್ಲ ಯಾರು ಕಡೀತಾರ್ರಿ ಕಾಕಾ?"

"ಒಬ್ಬಾಂವ ಬರ್ತಿದ್ದ. ಎರಡ ತಿಂಗಳಾತು ಮಾರಿ ತೋರಿಸಿಲ್ಲ. ರಾತ್ರಿ ಟಾರ್ಚ್ ಹಿಡ್ಕೊಂಡ ರೌಂಡ್ ಹೊಡ್ಯಾಂವ ನಾನು. ಮೊನ್ನೆ ಪಂಪಿನ ಮನಿ ಹಂತೇಕ ಹಾವು ಬಂದಿತ್ತು."

"ಅವನ ಬಿಲ್ಲಿಗೆ ಸಹಿ ಮಾಡೋರು ಯಾರ್ರಿ?"

"ಎಚ್‌ಆರ್ ಸಾಹೇಬ್ರು. ಈಗ ಹೋಗಬ್ಯಾಡ್ರಿ, ಹಸದಿರ್ತಾರ. ಊಟ ಆದ ಮ್ಯಾಲೆ ಮೂರೂವರಿಗೆ ಬರ್ರಿ. ಹಾವಿನ ಸುದ್ದಿ ನಾ ಹೇಳಿದ್ದು ಅಂತ ಮಾತ್ರ ಹೇಳಬ್ಯಾಡ್ರಿ."

ಆರು ತಿಂಗಳಿಗೆ ನಾನು ಪಡೆದ ಮೊದಲ ಅಸಲಿ ಲೀಡ್ ಇದು. ಯಾರಿಗೆ ಬೇಕು, ಯಾಕೆ ಬೇಕು, ಸಹಿ ಯಾರದು, ಯಾವ ಹೊತ್ತಿಗೆ ಹೋಗಬೇಕು. ನಾಲ್ಕೂ ಒಂದು ಲೋಟ ನೀರಿನ ಜೊತೆ.

ಮೂರೂವರೆಗೆ ಹೋದೆ. ಸಾಹೇಬರು ಹಲ್ಲು ಚುಚ್ಚುತ್ತಾ ಕೂತಿದ್ದರು. "ನಮ್ಮ ಕಡೆ ಒಬ್ಬರು ಇದ್ದಾರ್ರಿ ಮೇಡಂ" ಅಂದರು. ಇದ್ದೇ ಇರುತ್ತಾರೆ. ಐದು ನಿಮಿಷ ಹೊರಗೆ ಬರುತ್ತೀರಾ ಸರ್ ಅಂದೆ. ಯಾಕೋ ಎದ್ದು ಬಂದರು.

ಹಿಂದಿನ ದಿನ ಮಳೆಯಾಗಿತ್ತು. ಆ ಭಾಗದ್ದು ಎರಿ ಮಣ್ಣು. ಹಸಿಯಾದರೆ ಒಂದೊಂದು ಚಪ್ಪಲಿಗೂ ಅರ್ಧ ಕಿಲೋ ಮೆತ್ತುತ್ತದೆ, ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಡುತ್ತದೆ. ಲಾನ್ ಹಸಿರಾಗೇ ಕಾಣುತ್ತಿತ್ತು. ನಾನು ಸ್ಕೂಟಿ ಡಿಕ್ಕಿಯಿಂದ ಕುರ್ಪಿ ತೆಗೆದು ಅವರ ಬೂಟಿನ ಪಕ್ಕದಲ್ಲೇ ಕೂತೆ. ಹೊಳೆಯುವ ಮೂರು ಮೂಲೆ ಕಡ್ಡಿಯ ಒಂದು ಗಿಡ ಹಿಡಿದು, ಸುತ್ತ ಮಣ್ಣು ಸಡಿಲಿಸಿ, ಮೆಲ್ಲಗೆ ಎತ್ತಿದೆ. ಎಳೆದರೆ ಹರಿಯುತ್ತದೆ, ಎತ್ತಬೇಕು. ಗಿಡದ ಕೆಳಗೆ ಒಂದು ಗಡ್ಡೆ. ಅದಕ್ಕೊಂದು ಕರಿ ದಾರದಂಥ ಬೇರು, ಗೇಣು ದೂರದಲ್ಲಿ ಇನ್ನೊಂದು ಗಡ್ಡೆ, ಮತ್ತೆ ದಾರ, ಮತ್ತೊಂದು. ಕಡಲೆ ಕಾಳಿಗಿಂತ ಸ್ವಲ್ಪ ದೊಡ್ಡವು. ಐದು ಗಡ್ಡೆಯ ಸರ ಕೈಯಲ್ಲಿ ಹಿಡಿದು ತೋರಿಸಿದೆ.

"ಇದು ಜೇಕು ಸರ್. ನಿಮ್ಮವರು ಮೇಲೆ ಕಡಿದು ಹೋಗುತ್ತಾರೆ. ಎಂಟು ದಿನಕ್ಕೆ ಮತ್ತೆ ಹುಲ್ಲಿಗಿಂತ ಮೇಲೆ ಬಂದು ನಿಲ್ಲುತ್ತದೆ. ಈ ದಾರ ಹರಿದರೆ ಸುಮ್ಮನೆ ಮಲಗಿದ್ದ ಗಡ್ಡೆಗಳೂ ಮೊಳೆಯುತ್ತವೆ. ನೀವು ತಿಂಗಳಾ ದುಡ್ಡು ಕೊಟ್ಟು ಸಾಕುತ್ತಿರುವುದು ಇದನ್ನು."

ಸಾಹೇಬರು ಗಡ್ಡೆ ಮೂಸಿ ನೋಡಿದರು. ಪರಿಮಳ ಇರುತ್ತದೆ ಅದಕ್ಕೆ. ಔಷಧಿ ಅಂಗಡಿಯಲ್ಲಿ ಭದ್ರಮುಷ್ಟಿ ಅಂತ ಇದನ್ನೇ ತೂಕ ಮಾಡಿ ಮಾರುತ್ತಾರೆ ಅಂದೆ. ನಕ್ಕರು. "ಹಂಗಾರ ನಮ್ಮದು ಲಾನ್ ಅಲ್ಲ, ಆಯುರ್ವೇದ ತೋಟ" ಅಂದರು. ನಕ್ಕ ಮೇಲೆ ಅರ್ಧ ಕೆಲಸ ಆದ ಹಾಗೆ.

ಮರುದಿನ ಟೇಪ್ ಹಿಡಿದು ಅಳೆದೆವು. 22,000 ಚದರಡಿ, ಅರ್ಧ ಎಕರೆಗೆ ಸ್ವಲ್ಪ ಜಾಸ್ತಿ. ಹಳಬ 18,000 ತೆಗೆದುಕೊಳ್ಳುತ್ತಿದ್ದ. ನಾನು ಚದರಡಿಗೆ ಒಂದೂಕಾಲು ರೂಪಾಯಿ ಹಿಡಿದು 27,500 ಬರೆದೆ. ಯಾಕೆ ಜಾಸ್ತಿ ಅಂತ ಕೇಳಿದರು. ಮಳೆಗಾಲದಲ್ಲಿ ತಿಂಗಳಿಗೆ ನಾಲ್ಕು ಸಲ ಕತ್ತರಿಸುತ್ತೇವೆ, ಅವನು ಒಂದು ಸಲ ಮಾಡುತ್ತಿದ್ದ. ಹುಲ್ಲಿನ ಎತ್ತರದಲ್ಲಿ ಮೂರರಲ್ಲೊಂದು ಭಾಗಕ್ಕಿಂತ ಜಾಸ್ತಿ ಒಮ್ಮೆಗೇ ತೆಗೆಯಬಾರದು, ತೆಗೆದರೆ ಬುಡ ಹಳದಿಯಾಗಿ ಕಳೆಗೆ ದಾರಿ ಬಿಡುತ್ತದೆ. ಜೇಕಿಗೆ ಬೇರೆ ಔಷಧಿ, ನೀರು ನಿಲ್ಲುವ ಕಡೆ ಮಸಾರಿ ಮಣ್ಣು ಮತ್ತು ಉಸುಕು. ಎಲ್ಲ ಒಂದೇ ಹಾಳೆಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದೆ. 25,000ಕ್ಕೆ ಮುಗಿಯಿತು.

ಆಮೇಲೆ ಆರು ವಾರ ಇದನ್ನೇ ಮಾಡಿದೆ. ತಾರಿಹಾಳ, ಗೋಕುಲ ರೋಡ್, ಧಾರವಾಡದ ಆಚೆ ಬೇಲೂರು. ಒಟ್ಟು 41 ಗೇಟು. 12 ಕಡೆ ಒಳಗೆ ಮಾತು. 6 ಕಡೆ ಅಳತೆ. 3 ಕಡೆ ಕೆಲಸ. ಆ ಮೂವರು ಹೇಳಿ ಇನ್ನೆರಡು ಬಂದವು. ಖರ್ಚು, ಪೆಟ್ರೋಲ್ 1,400 ಮತ್ತು ಕಾರ್ಡಿಗೆ 450. ಕಾಲು ನೋವಿಗೆ ಲೆಕ್ಕ ಇಲ್ಲ.

ಈಗ ನಾನು ಗೇಟಿನಲ್ಲಿ ಮ್ಯಾನೇಜರ್ ಅಂತ ಬಾಯಿ ಬಿಡುವುದೇ ಇಲ್ಲ. "ಗಾರ್ಡನ್ ಬಿಲ್ ಯಾರ ಕಡೆ ಹೋಗತೈತ್ರಿ?" ಅಂತ ಕೇಳುತ್ತೇನೆ. ಅದಕ್ಕೆ ಎಲ್ಲ ಕಡೆ ಒಂದು ಹೆಸರು ಇರುತ್ತದೆ. ಒಂದು ಕಡೆ ಅದು ಸ್ಟೋರ್ಸ್ ನೋಡುವ ಹುಡುಗಿ, ಇನ್ನೊಂದು ಕಡೆ ಕ್ಯಾಂಟೀನ್ ನೋಡುವವರು. ಸೋಮವಾರ ಹೋಗಬೇಡಿ, ಮೀಟಿಂಗು. ತಿಂಗಳ ಕೊನೆಗೆ ಹೋಗಬೇಡಿ, ಪಗಾರದ ಗಡಿಬಿಡಿ.

ಯಾವ ಕಾಲಕ್ಕೆ ಹೋಗಬೇಕು ಅನ್ನುವುದೂ ಇದೆ. ವರ್ಷದ ಕಾಂಟ್ರಾಕ್ಟ್ ಬಹಳ ಕಡೆ ಮಾರ್ಚ್‌ಗೆ ಮುಗಿಯುತ್ತದೆ, ಹಾಗಾಗಿ ಕೊಟೇಶನ್ ಜನವರಿ-ಫೆಬ್ರವರಿಯಲ್ಲೇ ಅವರ ಮೇಜಿನ ಮೇಲಿರಬೇಕು. ಆದರೆ ಬೇಸರ ಹುಟ್ಟುವುದು ಜುಲೈ-ಆಗಸ್ಟ್‌ನಲ್ಲಿ. ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಹುಲ್ಲು ರಾತ್ರೋರಾತ್ರಿ ಏಳುತ್ತದೆ, ಮೋವರ್ ಕೆಸರಿನಲ್ಲಿ ಹೂಳುತ್ತದೆ, ಕಾಂಟ್ರಾಕ್ಟರ್ ಫೋನ್ ಎತ್ತುವುದಿಲ್ಲ. ನಾಗರ ಪಂಚಮಿ ಹೊತ್ತಿಗೆ ಹಾವು ಕಾಣಿಸಿಕೊಳ್ಳುತ್ತದೆ. ಮನೆಯಲ್ಲಿ ಹಾಲು ಎರೆದು ಬಂದವರೇ ಫ್ಯಾಕ್ಟರಿಯಲ್ಲಿ ಹುಲ್ಲು ಕಡಿಸಿ ಅಂತ ಕೂಗುತ್ತಾರೆ.

ಕಾಲೇಜುಗಳದ್ದು ಇನ್ನೊಂದು ಕಥೆ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತದೆ ಅಂದರೆ ಒಂದು ತಿಂಗಳು ನಮಗೆ ಹಬ್ಬ ಆಗುತ್ತಿತ್ತು. ತಂಡ ಹೋದ ಮೇಲೆ ಪ್ರಿನ್ಸಿಪಾಲರು ನಮ್ಮನ್ನು ಗುರುತೂ ಹಿಡಿಯುತ್ತಿರಲಿಲ್ಲ. ಅದಕ್ಕೇ ಈಗ ಕಾಲೇಜಿಗೆ ವರ್ಷದ ಕರಾರು ಇಲ್ಲದೆ ಮಷಿನ್ ಇಳಿಸುವುದಿಲ್ಲ.

ಫ್ಯಾಕ್ಟರಿಗಳ ಹತ್ತಿರ ಹಾವಿನಷ್ಟೇ ಕೆಲಸ ಮಾಡುವ ಇನ್ನೊಂದು ಮಾತಿದೆ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಅನುಮತಿ ಪತ್ರದಲ್ಲಿ ಹಸಿರು ಪಟ್ಟಿ ಬೆಳೆಸಬೇಕು ಅಂತ ಷರತ್ತು ಇರುತ್ತದೆ. ಅದು ಮುಖ್ಯವಾಗಿ ಗಿಡಮರದ ಮಾತು, ಲಾನ್ ಅಲ್ಲ. ಆದರೆ ಗಿಡಮರ ನೋಡುವವರೇ ಲಾನ್ ನೋಡಿದರೆ ಅವರಿಗೆ ಒಂದೇ ಬಿಲ್ಲು. ಶುದ್ಧೀಕರಿಸಿದ ಕೊಳಚೆ ನೀರು ಎಲ್ಲಿ ಬಿಡುತ್ತೀರಿ ಅಂತಲೂ ಮಂಡಳಿ ಕೇಳುತ್ತದೆ, ಅದನ್ನು ಲಾನ್‌ಗೆ ತಿರುಗಿಸಿದರೆ ಎರಡೂ ಕಡೆ ಲಾಭ. ಅವಳಿ ನಗರದಲ್ಲಿ ಕುಡಿಯುವ ನೀರಿಗೇ ದಿನ ಎಣಿಸುವ ಜನ ನಾವು. ಲಾನ್‌ಗೆ ಟ್ಯಾಂಕರ್ ಹಾಕಿಸಿ ಅಂದರೆ ಯಾವ ಸಾಹೇಬರು ಒಪ್ಪುತ್ತಾರೆ?

ಇನ್ನು ಕಾಗದ. ಕೆಲಸ ಒಪ್ಪಿದ ಮೇಲೆ "ವೆಂಡರ್ ಕೋಡ್ ಮಾಡಿಸಿಕೊಳ್ಳಿ" ಅನ್ನುತ್ತಾರೆ, ಅಂದರೆ ಕಂಪನಿಯ ಪಟ್ಟಿಯಲ್ಲಿ ನಮ್ಮ ಹೆಸರು ಸೇರಬೇಕು. ಪ್ಯಾನ್, ಜಿಎಸ್‌ಟಿ, ಕ್ಯಾನ್ಸಲ್ ಮಾಡಿದ ಚೆಕ್, ಸಣ್ಣ ಉದ್ದಿಮೆ ಅಂತ ಸರ್ಕಾರ ಕೊಡುವ ಉದ್ಯಮ್ ಸರ್ಟಿಫಿಕೇಟ್. ಸೇವೆ ಕೊಡುವವರಿಗೆ ವಹಿವಾಟು 20 ಲಕ್ಷದವರೆಗೆ ಜಿಎಸ್‌ಟಿ ಕಡ್ಡಾಯವಲ್ಲ. ಆದರೆ ನಂಬರ್ ಇಲ್ಲದವರನ್ನು ಕೆಲವು ಕಂಪನಿಗಳು ಒಳಗೇ ಬಿಡುವುದಿಲ್ಲ, ನಾವು ಮೊದಲೇ ಮಾಡಿಸಿದ್ದೆವು. ಉದ್ಯಮ್ ನೋಂದಣಿಗೆ ಒಂದು ಪೈಸೆ ಇಲ್ಲ, ಮನೆಯಲ್ಲೇ ಆಧಾರ್ ಹಿಡಿದು ಮಾಡಬಹುದು. ಮಾಡಿಸಿಕೊಡುತ್ತೇವೆ ಅಂತ ಎರಡು ಸಾವಿರ ಕೇಳುವವರ ಕಡೆ ಹೋಗಬೇಡಿ. ಈ ಸರ್ಟಿಫಿಕೇಟ್ ಇದ್ದರೆ ಲಿಖಿತ ಕರಾರು ಇರುವ ಕಡೆ 45 ದಿನದೊಳಗೆ, ಕರಾರು ಇಲ್ಲದ ಕಡೆ 15 ದಿನದೊಳಗೆ ದುಡ್ಡು ಕೊಡಬೇಕು ಅಂತ ಕಾನೂನು ಇದೆ. 2023-24ರ ಲೆಕ್ಕದಿಂದ, ಹಾಗೆ ಕೊಡದಿದ್ದರೆ ಆ ಖರ್ಚನ್ನು ಕಂಪನಿ ಆ ವರ್ಷದ ಇನ್‌ಕಮ್ ಟ್ಯಾಕ್ಸಿನಲ್ಲಿ ತೋರಿಸುವ ಹಾಗಿಲ್ಲ, ಕೊಟ್ಟ ವರ್ಷಕ್ಕೇ ಹೋಗುತ್ತದೆ. ಇದನ್ನು ಸಾಹೇಬರಿಗೆ ಹೇಳಿ ಪ್ರಯೋಜನವಿಲ್ಲ, ಅಕೌಂಟ್ಸ್‌ನವರಿಗೆ ಹೇಳಿ. ನಾನು ಬಿಲ್ಲಿನ ಮೇಲೆ ಉದ್ಯಮ್ ನಂಬರ್ ದಪ್ಪಕ್ಷರದಲ್ಲಿ ಹಾಕುತ್ತೇನೆ. ತಾರಿಹಾಳದ್ದು 25,000ಕ್ಕೆ ಜಿಎಸ್‌ಟಿ 4,500, ಟಿಡಿಎಸ್ (ಕಂಪನಿಯೇ ಮೊದಲು ಮುರಿದುಕೊಳ್ಳುವ ಟ್ಯಾಕ್ಸ್) 1 ಪ್ರತಿಶತ ಅಂದರೆ 250 ಹಿಡಿದು, 29,250 ಪ್ರತಿ ತಿಂಗಳು ಬೀಳುತ್ತದೆ. ಕಲ್ಯಾಣ ಮಂಟಪಕ್ಕೆ ಮಾತ್ರ ಇದ್ಯಾವುದೂ ನಾಟಲಿಲ್ಲ, ಅಲ್ಲಿ ಮಾತೆಲ್ಲ ಬಾಯಲ್ಲೇ ಆಗಿತ್ತು. ತಪ್ಪು ನನ್ನದು.

ಗೂಗಲ್ ಮ್ಯಾಪಿನ ಬಿಸಿನೆಸ್ ಪ್ರೊಫೈಲ್ ಬಗ್ಗೆಯೂ ಹೇಳಬೇಕು. ಅದಕ್ಕೆ ನನ್ನಿಂದ ನಾಲ್ಕು ಸ್ಟಾರ್. ಪುಕ್ಕಟೆ. ವೆರಿಫಿಕೇಶನ್‌ಗೆ ಮಷಿನ್, ಬೋರ್ಡು, ಗಾಡಿ ತೋರಿಸಿ ವಿಡಿಯೊ ಕೊಟ್ಟೆವು. ನಮ್ಮ ಮನೆಯವರು ಇಸ್ತ್ರಿ ಅಂಗಿ ಹಾಕಿಕೊಂಡು ಬ್ರಷ್ ಕಟರ್ ಹಿಡಿದು ನಿಂತಿದ್ದರು, ಮದುವೆ ಫೋಟೊದಲ್ಲೂ ಇಷ್ಟು ಚೆಂದ ನಿಂತಿರಲಿಲ್ಲ. ಊರಿನ ಹೆಸರು 2014ರಲ್ಲಿ ಇಂಗ್ಲಿಷಿನಲ್ಲೂ ಹುಬ್ಬಳ್ಳಿ ಆಯಿತು, ಆದರೆ ಹೊರಗಿನವರು ಈಗಲೂ ಹಳೆಯ ಸ್ಪೆಲಿಂಗ್ ಒತ್ತುತ್ತಾರೆ. ವಿವರದಲ್ಲಿ ಎರಡನ್ನೂ ಬರೆಯಿರಿ. ಒಂದೇ ಜಾಗದ ಮುಂಚಿನ ಮತ್ತು ಆಮೇಲಿನ ಫೋಟೊ ಒಂದೇ ಕಡೆ ನಿಂತು ತೆಗೆದು ಹಾಕಿ.

ಅದರಿಂದ ನೇರವಾಗಿ ಬಂದ ಕಮರ್ಷಿಯಲ್ ಕೆಲಸ ಒಂದೇ. ಹೆಡ್ ಆಫೀಸ್ ಪುಣೆಯಲ್ಲಿರುವ ಒಂದು ಗೋದಾಮು, ಹೈವೇ ಪಕ್ಕದ್ದು. ಊರಿನ ಕಂಪನಿಯವರು ಪಕ್ಕದ ಕಂಪನಿಯವರನ್ನು ಕೇಳುತ್ತಾರೆ, ಹೊರಗಿನವರಿಗೆ ಇಲ್ಲಿ ಯಾರೂ ಗೊತ್ತಿರುವುದಿಲ್ಲ, ಮ್ಯಾಪ್ ನೋಡುತ್ತಾರೆ. ಆದರೆ ಗೇಟಿನಿಂದ ಸಿಕ್ಕ ಕೆಲಸಕ್ಕೂ ಅದು ಉಪಯೋಗಕ್ಕೆ ಬಂತು. ನಾನು ಎದುರಿಗೆ ಕೂತಿರುವಾಗಲೇ ಸಾಹೇಬರು ಫೋನ್ ತೆಗೆದು ನಮ್ಮ ಹೆಸರು ಹೊಡೆದು ನೋಡುತ್ತಾರೆ. ಏನಾದರೂ ಕಾಣಬೇಕಲ್ವಾ?

ಇವತ್ತಿಗೆ ಕಮರ್ಷಿಯಲ್ ಏಳು. ಗೇಟಿನಿಂದ ಮೂರು, ಅವರು ಹೇಳಿ ಬಂದದ್ದು ಎರಡು, ಮ್ಯಾಪಿನಿಂದ ಒಂದು, ಆ್ಯಪಿನಿಂದ ಆ ಕ್ಲಿನಿಕ್ ಒಂದು.

ಇಷ್ಟೆಲ್ಲ ಓದಿಯೂ ಆ್ಯಪ್ ತೆಗೆದುಕೊಳ್ಳುವೆ ಅನ್ನುವವರು ವರ್ಷದ್ದು ಕಟ್ಟಬೇಡಿ, ಒಂದು ತಿಂಗಳದ್ದು ಕೇಳಿ. ಒಂದು ಲೀಡನ್ನು ಎಷ್ಟು ಜನರಿಗೆ ಕಳಿಸುತ್ತೀರಿ ಅಂತ ಇ-ಮೇಲ್‌ನಲ್ಲಿ ಉತ್ತರ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಹುಲ್ಲಿನ ವಿಭಾಗದಿಂದ ನಿಮ್ಮ ಹೆಸರು ತೆಗೆಸಿ, ಅದೊಂದಕ್ಕೇ ನಾನು ಮೂರು ಸಲ ದೂರು ಕೊಟ್ಟೆ. ನಮ್ಮನ್ನು ನೋಡಿಕೊಳ್ಳುವ ಮ್ಯಾನೇಜರ್ ಅಂತ ವರ್ಷದಲ್ಲಿ ಮೂವರು ಬದಲಾದರು. ಪ್ರತಿ ಹೊಸಬರ ಮೊದಲ ಮಾತು ಒಂದೇ, ದೊಡ್ಡ ಪ್ಯಾಕ್‌ಗೆ ಹೋಗಿ ಮೇಡಂ ಅಂತ. ಆಟೊಪೇ ದುಡ್ಡು ಕಡಿತ ಆಗುವ 24 ಗಂಟೆ ಮೊದಲು ಮೆಸೇಜ್ ಬರುತ್ತದೆ, ಅದನ್ನು ನೋಡದೆ ಬಿಡಬೇಡಿ. ಹದಿಮೂರನೇ ಕಂತು ಹೋಗುವ ಹಿಂದಿನ ಸಂಜೆ ಅದನ್ನು ನೋಡಿಯೇ ನಾನು ಯುಪಿಐ ಆ್ಯಪಿನ ಆಟೊಪೇ ಪಟ್ಟಿಗೆ ಹೋಗಿ ರದ್ದು ಮಾಡಿದ್ದು. ಎರಡು ನಿಮಿಷದ ಕೆಲಸ.

ಮೊನ್ನೆ ಶುಕ್ರವಾರ ಅವರ ಕಡೆಯಿಂದ ಮತ್ತೆ ಫೋನ್ ಬಂತು. ಹೊಸ ಹುಡುಗಿ, ಪಾಪ, ಒಳ್ಳೆಯ ದನಿ. ವಾಪಸ್ ಸೇರಿದರೆ ಅರ್ಧ ರೇಟು ಅಂದಳು. ನಾನು ರೂಢಿ ಬಿದ್ದು ಕೇಳಿಬಿಟ್ಟೆ, ನಿಮ್ಮ ಆಫೀಸಿನ ಗಾರ್ಡನ್ ಬಿಲ್ ಯಾರ ಹತ್ತಿರ ಹೋಗುತ್ತದೆ ಅಂತ. "ನಮ್ಮದು ಏಳನೇ ಮಹಡಿ ಮೇಡಂ, ಕುಂಡ ಮಾತ್ರ ಇದಾವೆ" ಅಂದಳು. ಕುಂಡದ ಕೆಲಸ ನಾವು ಮಾಡುವುದಿಲ್ಲ.